ಮೂರನೇ ಬಕಲ್ಲು

ಬೋರ್ಡಿನ ಮೇಲೆ ಹನ್ನೊಂದು ಗಂಟೆಯ ಎದುರಿಗಿದ್ದ ಅಕ್ಷರ ಅತ್ತಿಗೆಯದಲ್ಲ. ಚಪ್ಪಲಿ ಬಿಡುವಾಗಲೇ ಅವನು ಇದನ್ನು ಗಮನಿಸಿದ. ಗಮನಿಸಿಲ್ಲ ಎನ್ನುವ ಹಾಗೆ ಒಂದು ಶಿಳ್ಳೆ ಹಾಕಿದ. ಶಿಳ್ಳೆ ಅರ್ಧಕ್ಕೇ ಒಣಗಿತು. ಈ ನಾಯಿಗಳ ಈಜುಕೊಳದಲ್ಲಿ ದಿನದ ಪಟ್ಟಿ ಬರೆಯುವುದು ಮೂರು ವರ್ಷದಿಂದ ಅತ್ತಿಗೆಯ ಕೆಲಸ. ಅವಳ ಅಕ್ಷರಗಳು ಗುಂಡಗೆ, ಬೆಂಚಿನ ಮೇಲೆ ತೂಕಡಿಸುವವರ ಹಾಗೆ ಒಂದಕ್ಕೊಂದು ಒರಗಿಕೊಂಡಿರುತ್ತವೆ. ಇದು ಡಾಕ್ಟರಮ್ಮನದು, ಯಾರಿಗೂ ತಿಳಿಯಬಾರದೆಂದೇ ಬರೆಯುವ ಔಷಧಿ ಚೀಟಿಯ ಕೈ. ಆದರೆ ಇವತ್ತು ಆಕೆ ಕಷ್ಟಪಟ್ಟು, ತಿಳಿಯುವ ಹಾಗೆ ಬರೆದಿದ್ದರು: ಹನ್ನೊಂದು, ದಿಂಬು, ನೀರಿಗೆ ಡೈಲಾಗು. ಡೈಲಾಗು ಎಂದರೆ ಅವನೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ದಿಂಬು ಎಂದರೆ ಹೋದ ಮಂಗಳವಾರ ಅವನ ಕಣ್ಣೆದುರಿಗೇ ಮುಳುಗಿ ಎದ್ದ ನಾಯಿ. ಎರಡು ಹೆಸರೂ ಒಂದೇ ಸಾಲಿನಲ್ಲಿ, ಮತ್ತೆ ಮಂಗಳವಾರವೇ, ಅದೇ ಹನ್ನೊಂದು ಗಂಟೆಗೇ. ಸಿನಿಮಾದಲ್ಲಿ ಇನ್‌ಸ್ಪೆಕ್ಟರು ಅನುಮಾನವಿದ್ದವನನ್ನು ಕೊಲೆ ನಡೆದ ಜಾಗಕ್ಕೆ ಕರೆತಂದು, ಅವತ್ತು ಏನೇನು ಮಾಡಿದೆಯೋ ಹಾಗೇ ಮಾಡಿ ತೋರಿಸು ಎನ್ನುವುದು ಹೀಗೆಯೇ.

ಸ್ಕೂಟರಿನಲ್ಲಿ ಬರುವಾಗಲೂ ಏನೋ ಸರಿಯಿಲ್ಲ ಅನ್ನಿಸಿತ್ತು. ಅತ್ತಿಗೆ ದಿನಾ ಹಿಂದೆ ಕೂತು ಅವನ ಹೆಗಲು ಹಿಡಿದು, ಮನೆಯಿಂದ ಕೊಳದವರೆಗೆ ಅಣ್ಣನ ಮೇಲಿನ ದೂರುಗಳನ್ನೆಲ್ಲ ಅವನ ಕಿವಿಗೆ ಸುರಿಯುತ್ತ ಬರುವವಳು. ಅಣ್ಣ ಒದ್ದೆ ಕಾಲಲ್ಲೇ ಹಾಸಿಗೆ ತುಳಿದದ್ದು, ಅಣ್ಣ ಬಲ್ಬು ಬದಲಿಸುತ್ತೇನೆಂದು ಹೇಳಿ ತಿಂಗಳಾದದ್ದು. ಇವತ್ತು ಅವಳ ಕೈ ಹೆಗಲ ಮೇಲಿರಲಿಲ್ಲ, ಸೀಟಿನ ಹಿಂದಿನ ಕಂಬಿಯ ಮೇಲಿತ್ತು. ಕನ್ನಡಿಯಲ್ಲಿ ನೋಡಿದರೆ ಅವಳ ಮುಖ ಇನ್ನೂ ಬಾಗಿಲು ತೆರೆಯದ ಅಂಗಡಿಗಳ ಕಡೆ ತಿರುಗಿತ್ತು. ಮುಚ್ಚಿದ ಶಟರಿನಲ್ಲಿ ನೋಡುವಂಥದ್ದೇನಿದೆ? ಹಿಂದಿನ ದಿನ ಊಟಕ್ಕೆ ಕೂತಾಗ ಕೇಳದೆಯೇ ಎರಡು ಸಲ ಬಡಿಸಿದ್ದಳು, ನೇಣಿನ ಮುಂಚೆ ಕೈದಿಯ ಕೊನೆಯ ಆಸೆ ಕೇಳುವ ಜೈಲರನ ಹಾಗೆ. ಏನು ಅತ್ತಿಗೆ, ಸೌಂಡ್ ಆಫ್ ಆಗಿದೆಯಲ್ಲ ಎಂದು ಕೇಳಿದ್ದಕ್ಕೆ, ಮುಂದೆ ನೋಡಿಕೊಂಡು ಓಡಿಸು ಎಂದಿದ್ದಳು. ಮುಂದೆ ನೋಡಿಕೊಂಡು. ಆ ಮಾತನ್ನೂ ಅವನು ತಿರುಗಿಸಿ ಮುರುಗಿಸಿ ನೋಡಿದ. ಅದರೊಳಗೆ ಒಂದು ಮೊಳೆ ಇದ್ದಂತೆ ಕಂಡಿತು.

ಕೊಳವೆಂದರೆ ದೊಡ್ಡದೇನಲ್ಲ. ತಗಡಿನ ಸೂರು, ಎದೆಮಟ್ಟದ ಬೆಚ್ಚನೆಯ ನೀರು, ಒಂದು ಕಡೆ ನಾಯಿಗಳು ಇಳಿಯುವುದಕ್ಕೆ ರಬ್ಬರು ಹಾಸಿದ ಇಳಿಜಾರು, ಇನ್ನೊಂದು ಕಡೆ ನಾಯಿ ತಂದವರು ಕೂತು ಆತಂಕ ಪಡುವುದಕ್ಕೆ ಒಂದು ಬೆಂಚು. ಆಪರೇಷನ್ನಾದವು, ಕೀಲು ಹಿಡಿದ ಮುದಿ ನಾಯಿಗಳು, ನೆಲದ ಮೇಲೆ ನಡೆಯಲಾರದೆ ನೀರಿನಲ್ಲಿ ನಡೆಯುವುದನ್ನು ಕಲಿಯಲು ಇಲ್ಲಿಗೆ ಬರುತ್ತವೆ. ನಾಯಿಗಳೆಲ್ಲ ಹುಟ್ಟಾ ಈಜುಗಾರರು ಎಂದು ನಂಬಿಕೊಂಡು ಬಂದವರಿಗೆ ಡಾಕ್ಟರಮ್ಮ ಮೊದಲು ಆ ಭ್ರಮೆ ಬಿಡಿಸುತ್ತಾರೆ. ಆಮೇಲೆ ತಮ್ಮ ನಿಯಮ ತೋರಿಸುತ್ತಾರೆ. ಜಾಕೆಟ್ಟಿಗೆ ಮೂರು ಬಕಲ್ಲು: ಕತ್ತಿಗೊಂದು, ಎದೆಗೊಂದು, ಹೊಟ್ಟೆಗೊಂದು. ದಡದಲ್ಲಿರುವ ಅತ್ತಿಗೆ ಪ್ರತಿ ಬಕಲ್ಲು ಹಾಕಿದಾಗಲೂ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಬೇಕು. ನೀರಿನಲ್ಲಿ ನಿಂತವನು ಜಾಕೆಟ್ಟಿನ ಬೆನ್ನಿನ ಹಿಡಿಕೆಯಿಂದ ನಾಯಿಯನ್ನು ಗೇಣುದ್ದ ಎತ್ತಬೇಕು. ಜಾಕೆಟ್ಟಿನ ಜೊತೆ ನಾಯಿಯೂ ಮೇಲೆ ಬಂದರೆ 'ಬಂತು' ಎನ್ನಬೇಕು. ಆ ಮಾತು ಕೇಳಿದ ಮೇಲೇ ನಾಯಿ ನೀರಿಗೆ. ಬಾಯಲ್ಲಿ ಆಡಿದ ಕೆಲಸ ಕೈ ತಪ್ಪುವುದಿಲ್ಲ ಎನ್ನುವುದು ಡಾಕ್ಟರಮ್ಮನ ಲೆಕ್ಕ. ಆದರೆ ಮೂರು ವರ್ಷ, ದಿನಕ್ಕೆ ಎಂಟು ನಾಯಿ. ಒಂದೇ ಮಾತನ್ನು ಸಾವಿರಾರು ಸಲ ಆಡಿದರೆ ಅದಕ್ಕೆ ಕೈಯೂ ಬೇಡ, ನಾಯಿಯೂ ಬೇಡ. ಅವನು ಬಸ್ಸು ಕಂಡರೆ ಬಂತು, ಸೀನು ಬಂದರೆ ಬಂತು. ಒಮ್ಮೆ ನಿದ್ದೆಯಲ್ಲಿ ಬಂತು ಎಂದು ಅವನು ಕೂಗಿದ್ದಕ್ಕೆ ಅಣ್ಣ ಕೋಲು ಹಿಡಿದು ಬಾಗಿಲವರೆಗೆ ಹೋಗಿ ನೋಡಿದ್ದನಂತೆ. ಮನೆಯವರೆಲ್ಲ ಅದನ್ನು ಹೇಳಿಕೊಂಡು ಒಂದು ವಾರ ನಕ್ಕಿದ್ದರು.

ಒಂಬತ್ತು ಗಂಟೆಯ ನಾಯಿ ಪೊಲೀಸ್ ಕೆಲಸದಿಂದ ನಿವೃತ್ತಿಯಾದದ್ದು, ಕಪ್ಪು, ಗಂಭೀರ. ಅದು ಇಳಿಜಾರಿನಲ್ಲಿ ನಿಂತು ಅವನ ಬಲಗೈಯನ್ನು ಮೂಸಿತು, ಮತ್ತೆ ಮೂಸಿತು, ತಲೆ ಎತ್ತಿ ಅವನ ಮುಖ ನೋಡಿತು. ದಿನಾ ಆಗಿದ್ದರೆ ಅವನು ಎರಡೂ ಕೈ ಮೇಲೆತ್ತಿ, ಸಾಹೇಬ್ರೇ, ನಾನು ಶರಣಾಗ್ತೀನಿ, ನನ್ನ ಮನೆಯವರನ್ನ ಬಿಟ್ಟುಬಿಡಿ ಎಂದು ಬೆಂಚನ್ನೆಲ್ಲ ನಗಿಸುತ್ತಿದ್ದ. ಇವತ್ತು ಕೈ ಹಿಂದಕ್ಕೆ ತೆಗೆದುಕೊಂಡ. ಅತ್ತಿಗೆ ಮೂರು ಎಂದಳು. ಅವನು ಎತ್ತಿದ, ಇಳಿಸಿದ, ಮತ್ತೊಮ್ಮೆ ಎತ್ತಿದ, ಬಂತು ಎಂದ.

"ಯಾಕೆ ಎರಡು ಸಲ?" ಎಂದಳು ಅತ್ತಿಗೆ.

"ಸುಮ್ನೆ. ತೂಕ ಜಾಸ್ತಿ ಆಗಿದ್ಯಾ ಅಂತ."

ಅವಳು ಅವನನ್ನೇ ನೋಡಿದಳು. ಎರಡು ಸಲ ಎತ್ತಿದ್ದು ತಪ್ಪಾಯಿತು ಎಂದುಕೊಂಡು ಅವನು ನಾಯಿಯ ಪಕ್ಕ ನೀರಿನಲ್ಲಿ ನಡೆದ. ಇದುವರೆಗೆ ಒಂದೇ ಸಲ ಎತ್ತುತ್ತಿದ್ದವನು ಇವತ್ತು ಎರಡು ಸಲ ಎತ್ತಿದರೆ ಏನರ್ಥ? ನಡುವೆ ಎಲ್ಲೋ ಒಂದು ದಿನ ಎತ್ತೇ ಇಲ್ಲ ಎಂದರ್ಥ. ಇಷ್ಟು ಸಣ್ಣ ಲೆಕ್ಕ ಅತ್ತಿಗೆಗೆ ಬರುವುದಿಲ್ಲವೇ? ಅಣ್ಣ ಮನೆಗೆ ಕಾಲಿಡುವ ರೀತಿಯಲ್ಲೇ ಅವನ ಜೇಬಿನಲ್ಲಿ ಏನಿದೆ ಎಂದು ಹೇಳುವವಳು ಅವಳು.

ಅಷ್ಟರಲ್ಲಿ ಏಣಿ ಹೊತ್ತುಕೊಂಡು ಎಲೆಕ್ಟ್ರಿಷಿಯನ್ ಬಂದ. ಡಾಕ್ಟರಮ್ಮ ಅವನನ್ನು ಸೂರಿನ ಮೂಲೆಗೆ ಕರೆದುಕೊಂಡು ಹೋಗಿ ಮೇಲೆ ಕೈ ತೋರಿಸಿ ಮೆಲ್ಲಗೆ ಏನೋ ಹೇಳಿದರು. ಆ ಮೂಲೆಯಲ್ಲಿ ಎರಡಿದ್ದವು: ಒಂದು ನೀರು ಕಾಯಿಸುವ ಯಂತ್ರದ ಪೆಟ್ಟಿಗೆ, ಇನ್ನೊಂದು ಕ್ಯಾಮೆರಾ. ಆ ಕ್ಯಾಮೆರಾ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೆಂಪು ದೀಪ ಮಾತ್ರ ಮಿನುಗುತ್ತಿತ್ತು, ಕೆಲವು ಜನರ ಕಣ್ಣಿನ ಹಾಗೆ, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದ ಹಾಗೆ. ಎಲೆಕ್ಟ್ರಿಷಿಯನ್ ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ತೆಗೆದ. ಸರಿ, ಪೆಟ್ಟಿಗೆ. ಆದರೆ ಕೈ ಅಲ್ಲಿದ್ದರೂ ಅವನ ಕಣ್ಣು ಒಂದು ಸಲ ಕ್ಯಾಮೆರಾದ ಕಡೆ ಹೋಗಿ ಬಂತು. ಹೋಗಿ ಬಂದದ್ದನ್ನು ಡೈಲಾಗು ನೀರಿನಿಂದ ನೋಡಿದ. ಅವನು ನೋಡಿದ್ದನ್ನು ಡಾಕ್ಟರಮ್ಮ ನೋಡಿದರು. ಆಕೆ ನಕ್ಕರು. ಅವನೂ ನಕ್ಕ. ಇಬ್ಬರೂ ಏಕೆ ನಕ್ಕರೆಂದು ಅವನಿಗೆ ತಿಳಿಯಲಿಲ್ಲ.

ಹೋದ ಮಂಗಳವಾರ ನಡೆದದ್ದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಒಂದೇ ಥರ ಹೇಳುತ್ತಿದ್ದರು. ದಿಂಬು ಗಿಡ್ಡ ಕಾಲಿನ, ಉದ್ದ ಮೈಯ, ಸೊಂಟದ ಆಪರೇಷನ್ನಾದ ನಾಯಿ. ಅದರ ಯಜಮಾನ ಒಬ್ಬ ವಯಸ್ಸಾದ ಟೈಲರ್. ನಾಯಿಯನ್ನು ಬಟ್ಟೆಯ ಥಾನಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾರೆ. ಅವತ್ತು ಹೊಟ್ಟೆಯ ಬಕಲ್ಲು ಬಿಚ್ಚಿಕೊಂಡಿತ್ತು. ನಾಯಿ ಹಿಂದಕ್ಕೆ ಜಾರಿತು, ಜಾಕೆಟ್ಟು ತಲೆಗೇರಿತು, ಬನಿಯನ್ನಿನಲ್ಲಿ ತಲೆ ಸಿಕ್ಕಿಕೊಂಡ ಮನುಷ್ಯನ ಹಾಗೆ ಅದು ಕೆಳಗೆ ತೂಗಾಡಿತು. ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಮಾತ್ರ ತೇಲುತ್ತಿತ್ತು. ಅವನು ಬಾಚಿ ಎತ್ತಿದ. ಎರಡೇ ಸೆಕೆಂಡು ಎಂದರು ಎಲ್ಲರೂ. ಡಾಕ್ಟರಮ್ಮ ಅದನ್ನು ತಲೆಕೆಳಗು ಮಾಡಿ ಎದೆ ಒತ್ತಿದರು, ನೀರು ಬಂತು, ಉಸಿರು ಬಂತು. ಎರಡು ದಿನ ಆಸ್ಪತ್ರೆಯ ಗೂಡಿನಲ್ಲಿ ಕೆಮ್ಮುತ್ತ ಮಲಗಿತ್ತು. ಟೈಲರ್ ಅವನ ಎರಡೂ ಕೈ ಹಿಡಿದುಕೊಂಡು, ನೀನಿಲ್ಲದಿದ್ದರೆ ಎಂದು ಶುರು ಮಾಡಿ ಮುಗಿಸಲಾರದೆ ನಿಂತಿದ್ದರು. ಆಗ ಅವನು ಕೈ ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲಿಲ್ಲ. ಹೀರೋ ಅಂದ್ಮೇಲೆ ಕ್ಲೈಮ್ಯಾಕ್ಸಿಗೆ ಬರಲೇಬೇಕಲ್ವಾ ಸಾರ್ ಎಂದಿದ್ದ. ಅದನ್ನು ನೆನೆದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಈಗಲೂ, ಎದೆಮಟ್ಟ ನೀರಿನಲ್ಲಿ ನಿಂತೂ, ಬಿಸಿಯಾಯಿತು.

ಆಮೇಲಿನ ಏಳು ದಿನ ಅವನು ಒಂದೇ ಒಂದು ಅನುಮಾನವನ್ನು ಹಿಡಿದುಕೊಂಡು ಬದುಕಿದ್ದ. ಅತ್ತಿಗೆ ಅವತ್ತು ಮೂರು ಎಂದಳೇ? ಒಂದು ಎಂದದ್ದು ನೆನಪಿದೆ, ಎರಡು ಎಂದದ್ದು ನೆನಪಿದೆ. ಮೂರಕ್ಕೆ ಬಂದರೆ ಅವಳ ಧ್ವನಿ ಕೇಳುವುದಿಲ್ಲ, ತನ್ನ ಧ್ವನಿಯೇ ಕೇಳುತ್ತದೆ. ಟೈಲರ್ ಹೊಸ ಗಿರಾಕಿ, ಅವರನ್ನು ಇನ್ನೂ ಒಮ್ಮೆಯೂ ನಗಿಸಿರಲಿಲ್ಲ. ಅವತ್ತು ಸೊಂಟದ ಮೇಲೆ ಕೈ ಇಟ್ಟು, ಅವರ ಕಡೆ ತಿರುಗಿ, ಧ್ವನಿ ದಪ್ಪ ಮಾಡಿ, ಮುಳುಗಿಸೋದು ವಿಲನ್ ಕೆಲಸ, ತೇಲಿಸೋದು ಹೀರೋ ಕೆಲಸ, ನಾನು ಬರೀ ಕಾಲು ತೊಳ್ಕೊಳ್ಳೋಕೆ ಬಂದೋನು ಎಂದು ಶುರು ಮಾಡಿದ್ದ. ಅವಳು ಮೂರು ಎಂದಿರಲಿಕ್ಕಿಲ್ಲ. ಹೊಟ್ಟೆಯ ಬಕಲ್ಲು ಅವಳ ಕೈಯಲ್ಲೇ ಅರ್ಧ ಉಳಿದಿರಬೇಕು. ಹೀಗೆ ಅಂದುಕೊಂಡರೆ ಒಂದು ಗಂಟೆ ಹಾಯಾಗಿರುತ್ತಿತ್ತು. ಆಮೇಲೆ ತನ್ನ ಬಲಗೈ ನೆನಪಾಗುತ್ತಿತ್ತು. ಸೊಂಟದ ಮೇಲಿದ್ದ ಬಲಗೈ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಟೈಲರ್ ಬಂದರು. ಒಂದು ಕಂಕುಳಲ್ಲಿ ದಿಂಬು, ಇನ್ನೊಂದರಲ್ಲಿ ಕಾಗದದ ಪೊಟ್ಟಣ. ಪೊಟ್ಟಣದಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಆ ಜಾಕೆಟ್ಟನ್ನು ಅವರು ಅವತ್ತೇ ಕೇಳಿ ಮನೆಗೆ ಒಯ್ದಿದ್ದರು, ಸುಮ್ಮನೆ ಒಂದು ಸಲ ನೋಡ್ತೀನಿ ಎಂದು. ಸುಮ್ಮನೆ ಒಂದು ಸಲ ಎಂದವರು ಒಂದು ವಾರ ಇಟ್ಟುಕೊಂಡಿದ್ದರು. ನಲವತ್ತು ವರ್ಷ ಸೂಜಿಯ ಕಣ್ಣಲ್ಲಿ ಜಗತ್ತು ನೋಡಿದ ಮನುಷ್ಯ. ಬಕಲ್ಲು ತಾನಾಗಿ ಬಿಚ್ಚಿಕೊಂಡಿತೋ, ಹಾಕೇ ಇರಲಿಲ್ಲವೋ, ಯಾರು ಎಲ್ಲಿ ಎಳೆದರು, ಯಾರು ಎಳೆಯಲಿಲ್ಲ, ಎಲ್ಲವನ್ನೂ ಪಟ್ಟಿಯ ಸುಕ್ಕಿನಲ್ಲೇ ಓದುವವರು. ಟೈಲರ್ ಪೊಟ್ಟಣ ಬಿಚ್ಚಿ ಜಾಕೆಟ್ಟನ್ನು ಬೆಂಚಿನ ಮೇಲೆ ಹರಡಿದರು. ಡಾಕ್ಟರಮ್ಮ ಬಗ್ಗಿ ನೋಡಿದರು. ಅತ್ತಿಗೆ ದೂರದಲ್ಲೇ ನಿಂತಳು. ಮೂವರ ಬೆನ್ನೂ ಅವನ ಕಡೆಗಿತ್ತು. ಬೆನ್ನುಗಳು ಏನೋ ಮಾತಾಡಿಕೊಳ್ಳುತ್ತಿದ್ದವು.

ಆದರೆ ಜಾಕೆಟ್ಟಿಗೆ ಈಗ ನಾಲ್ಕನೇ ಪಟ್ಟಿ ಬಂದಿತ್ತು. ಹಿಂಗಾಲುಗಳ ಹಿಂದಿನಿಂದ, ಬಾಲದ ಕೆಳಗೆ ಹಾದು ಬರುವ ಮೆತ್ತನೆಯ ಪಟ್ಟಿ, ಎರಡು ಸಾಲು ಹೊಲಿಗೆ. ಇನ್ನು ನಾಯಿ ಹಿಂದಕ್ಕೆ ಜಾರುವ ಮಾತೇ ಇಲ್ಲ. ಅತ್ತಿಗೆ ಅದನ್ನು ದಿಂಬುವಿಗೆ ತೊಡಿಸಿ ನಾಲ್ಕರವರೆಗೆ ಎಣಿಸಿದಳು. ಅವನು ಎತ್ತಿದ, ಬಂತು ಎಂದ. ದಿಂಬು ನೀರಿಗೆ ಇಳಿಯಿತು. ಇಳಿಜಾರಿನ ಅಂಚಿನಲ್ಲಿ ಒಂದು ಕ್ಷಣ ನಿಂತು ನಡುಗಿತು, ಆಮೇಲೆ ಕತ್ತು ಉದ್ದ ಮಾಡಿ ಮುಂಗಾಲು ಬಡಿಯಿತು. ಅವನು ಎಡಗೈಯನ್ನು ಅದರ ಹೊಟ್ಟೆಯ ಕೆಳಗೆ ಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತ ನಡೆದ. ಅಂಗೈಗೆ ಅದರ ಎದೆ ಬಡಿತ ತಾಗುತ್ತಿತ್ತು, ಯಾರೋ ಒಳಗಿನಿಂದ ಬಾಗಿಲು ತಟ್ಟುವ ಹಾಗೆ. ಕಿವಿ ಮಾತ್ರ ದಡದ ಮೇಲೆ ಇತ್ತು.

ದಡದಲ್ಲಿ ಟೈಲರ್ ತಪ್ಪೊಪ್ಪಿಕೊಳ್ಳುತ್ತಿದ್ದರು. ಜಾಕೆಟ್ಟಿನ ಕಟಿಂಗೇ ಸರಿಯಿಲ್ಲ, ಅದು ಎತ್ತರದ ನಾಯಿಯ ಅಳತೆ, ಮೊದಲ ದಿನವೇ ನಾನು ನೋಡಿದ್ದೆ, ಹೇಳಬೇಕಿತ್ತು, ದೊಡ್ಡವರ ಜಾಗ ಎಂದು ಬಾಯಿ ಮುಚ್ಚಿಕೊಂಡಿದ್ದೆ ಎಂದರು. ಡಾಕ್ಟರಮ್ಮ ಬಿಡಲಿಲ್ಲ. ಗಿಡ್ಡ ಕಾಲಿನ ನಾಯಿಗೆ ಬೇರೆ ಜಾಕೆಟ್ಟು ತರಿಸಬೇಕಿದ್ದದ್ದು ತಾನು ಎಂದರು. ತಪ್ಪಿಗೆ ಹೀಗೆ ಹರಾಜು ನಡೆಯುವುದನ್ನು ಅವನು ಎಂದೂ ಕೇಳಿರಲಿಲ್ಲ. ಅವನ ಎದೆ ಹಗುರಾಗತೊಡಗಿತು. ಯಾರೂ ಅವನನ್ನು ಅನುಮಾನಿಸಿಯೇ ಇರಲಿಲ್ಲ. ಕ್ಯಾಮೆರಾ, ಪೊಟ್ಟಣ, ಬೋರ್ಡಿನ ಅಕ್ಷರ, ಎಲ್ಲವೂ ಅವನೊಬ್ಬನೇ ಬರೆದು, ಅವನೊಬ್ಬನೇ ನಟಿಸಿ, ಖಾಲಿ ಕುರ್ಚಿಗಳಿಗೆ ತೋರಿಸಿದ ಪಿಕ್ಚರು. ಇದರಲ್ಲಿ ಸಣ್ಣದೊಂದು ಅವಮಾನವೂ ಇತ್ತು. ಇಷ್ಟು ದಿನದ ಭಯಕ್ಕೆ ಒಬ್ಬ ಪ್ರೇಕ್ಷಕನೂ ಇಲ್ಲ.

ಆಗ ಡಾಕ್ಟರಮ್ಮ ಟೈಲರಿಗೆ ಹೇಳಿದರು, ಹೇಗಿದ್ದರೂ ಮುಂದಿನ ವಾರದಿಂದ ದಡಕ್ಕೆ ಹೊಸಬರು ಬರುತ್ತಾರೆ, ಈಕೆ ಕೆಲಸ ಬಿಡುವ ಚೀಟಿ ಕೊಟ್ಟಿದ್ದಾಳೆ, ಬೇಡವೆಂದರೂ ಕೇಳಲಿಲ್ಲ, ಬೋರ್ಡು ಬರೆಯುವುದಕ್ಕೂ ಕೈ ಬರುತ್ತಿಲ್ಲವಂತೆ. ಮೈದುನನಿಗೆ ಹೇಳಬೇಡಿ, ಅವನೂ ಬಿಟ್ಟು ಬಂದಾನು ಎಂದಿದ್ದಾಳೆ. ಇದನ್ನು ಡಾಕ್ಟರಮ್ಮ ಮೆಲ್ಲಗೇ ಹೇಳಿದರು. ಆದರೆ ನೀರು ದನಿಯನ್ನು ಮುಚ್ಚಿಡುವುದಿಲ್ಲ, ದಡದಿಂದ ದಡಕ್ಕೆ ಹಾಗೇ ಒಯ್ದುಬಿಡುತ್ತದೆ. ಅವನು ನಿಂತ. ಅತ್ತಿಗೆ ಒದ್ದೆ ಟವೆಲುಗಳನ್ನು ಮಡಿಸುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ. ಒಂದು ಮಡಿಸಿ, ಬಿಚ್ಚಿ ನೋಡಿ, ಮತ್ತೆ ಮಡಿಸಿದಳು. ಅವಳನ್ನು ಹೀಗೆಯೇ ಬಿಟ್ಟುಬಿಡಬಹುದು. ಇನ್ನೊಂದು ವಾರ. ಆಮೇಲೆ ಅವಳು ಮನೆಯಲ್ಲಿರುತ್ತಾಳೆ, ಅವನು ಒಬ್ಬನೇ ಸ್ಕೂಟರಿನಲ್ಲಿ ಬರುತ್ತಾನೆ, ಹಿಂದಿನ ಸೀಟು ಖಾಲಿ.

"ನಿಲ್ಲಿ," ಎಂದ ಅವನು. "ಈ ಕೋರ್ಟಲ್ಲಿ ಇನ್ನೂ ಒಬ್ಬ ಅಪರಾಧಿ ಬಾಕಿ ಇದಾನೆ."

ಎಲ್ಲರೂ ನಕ್ಕರು. ಏಣಿಯ ಮೇಲಿನ ಎಲೆಕ್ಟ್ರಿಷಿಯನ್ ಕೂಡ. ಅವನು ನಗಿಸಲು ಹೇಳಿರಲಿಲ್ಲ. ಆದರೆ ಧ್ವನಿ ತಾನಾಗಿ ದಪ್ಪವಾಗಿತ್ತು, ಹುಬ್ಬು ತಾನಾಗಿ ಏರಿತ್ತು. ಅವನ ಬಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಟೈಲರ್ ಕಣ್ಣು ಒರೆಸಿಕೊಂಡು, ಇವನೊಬ್ಬ ಎಂದರು. ಅವನು ಮತ್ತೆ ಬಾಯಿ ತೆರೆದ. ದಿಂಬು ಅವನ ಅಂಗೈಯಲ್ಲಿ ಕಾಲು ಬಡಿಯುತ್ತಿತ್ತು, ನೀರು ಮುಖಕ್ಕೆ ಎರಚುತ್ತಿತ್ತು.

"ಅತ್ತಿಗೆ, ನಾನು ಎತ್ತಿ ನೋಡ್ಲಿಲ್ಲ."

"ಏನನ್ನ?"

"ಅವತ್ತು. ಇದನ್ನ. ಎತ್ತದೇನೇ ಬಂತು ಅಂದೆ."

ಅತ್ತಿಗೆಯ ಕೈಯಲ್ಲಿ ಟವೆಲು ಅರ್ಧ ಮಡಿಸಿದ ಹಾಗೇ ನಿಂತಿತು. ನಗು ಒಬ್ಬೊಬ್ಬರ ಮುಖದಿಂದ ಒಂದೊಂದು ವೇಗದಲ್ಲಿ ಇಳಿಯಿತು. ಕೊನೆಗೆ ಉಳಿದದ್ದು ಎಲೆಕ್ಟ್ರಿಷಿಯನ್‌ನದು. ಅವನಿಗೆ ವಿಷಯ ಗೊತ್ತಿರಲಿಲ್ಲ. ಅತ್ತಿಗೆ ಇಳಿಜಾರಿನ ಅಂಚಿಗೆ ಬಂದಳು. ಬಯ್ಯುತ್ತಾಳೆ ಎಂದುಕೊಂಡ. ಬಯ್ದಿದ್ದರೆ ಚೆನ್ನಾಗಿತ್ತು.

"ಒಂದು ವಾರದಿಂದ ನನ್ನ ಬೆರಳನ್ನ ನಾನೇ ನಂಬ್ತಾ ಇಲ್ಲ ಕಣೋ," ಎಂದಳು. "ಒಲೆ ಆರಿಸಿದ್ದೀನೋ ಇಲ್ವೋ ಅಂತ ನಾಲ್ಕು ಸಲ ಎದ್ದು ಹೋಗಿ ನೋಡ್ತೀನಿ. ನಿಮ್ಮಣ್ಣ ನನಗೇನೋ ಆಗಿದೆ ಅಂತಿದಾನೆ. ನೀನು ಪಕ್ಕದಲ್ಲೇ ಕೂತು ಉಣ್ತಿದ್ಯಲ್ಲೋ."

ಅವನು ಹೂಂ ಎಂದ. ಮೂರು ಎಂದಿರಲಿಲ್ಲವೇ ನೀನು ಎಂದು ಕೇಳಬೇಕು ಎನ್ನಿಸಿತು, ಈಗಲೂ, ಈ ಗಳಿಗೆಯಲ್ಲೂ. ಆ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂದು ಕೂತಿತ್ತು. ಅವಳು ಎಂದಿದ್ದರೂ ಅಷ್ಟೇ, ಎನ್ನದಿದ್ದರೂ ಅಷ್ಟೇ. ಬಿಟ್ಟುಹೋದದ್ದನ್ನು ಹಿಡಿಯುವುದಕ್ಕೇ ಅವನನ್ನು ನೀರಿನಲ್ಲಿ ನಿಲ್ಲಿಸಿದ್ದು.

ಡಾಕ್ಟರಮ್ಮ ಅತ್ತಿಗೆಗೆ ಚೀಟಿ ವಾಪಸು ಕೊಡುತ್ತೇನೆ ಎಂದರು. ಅವನಿಗೆ ಆಚೆ ಬಾ ಎಂದರು, ಅಷ್ಟೇ, ದನಿ ಏರಿಸದೆ. ನಾಯಿಯನ್ನು ಯಾರು ಹಿಡಿಯುವುದು ಎಂದು ಅವನು ಕೇಳುವುದಕ್ಕೆ ಮುಂಚೆಯೇ ಅತ್ತಿಗೆ ಇಳಿಜಾರಿನಲ್ಲಿ ಇಳಿಯತೊಡಗಿದ್ದಳು. ಮೂರು ವರ್ಷದಲ್ಲಿ ಮೊಣಕಾಲಿಗಿಂತ ಮೇಲೆ ನೀರು ಮುಟ್ಟಿಸಿಕೊಂಡವಳಲ್ಲ. ಅಂಗಿ ಉಬ್ಬಿ ಸುತ್ತಲೂ ತೇಲಿತು. ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ ತಡವಿ ನೋಡಿ, ಎದೆಮಟ್ಟ ನೀರಿಗೆ ಬಂದಳು. ಅವನು ಕೈ ಹೇಗಿಡಬೇಕೆಂದು ಹೇಳಹೋದ. ಗೊತ್ತು ಎಂದಳು. ಅವನ ಅಂಗೈಯ ಕೆಳಗೆ ಅವಳ ಅಂಗೈ ಬಂತು. ಅವನು ತನ್ನದನ್ನು ತೆಗೆದ. ದಿಂಬು ಯಾವ ವ್ಯತ್ಯಾಸವೂ ಇಲ್ಲದಂತೆ ಈಜಿತು.

ದಡದ ಮೇಲೆ ಅವನು ನೀರು ಸುರಿಸುತ್ತ ನಿಂತ. ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಟೈಲರ್ ಬೆಂಚಿನಲ್ಲಿ ಸ್ವಲ್ಪ ಸರಿದರು, ಜಾಗ ಕೊಡುವುದಕ್ಕೋ ದೂರ ಹೋಗುವುದಕ್ಕೋ. ಅವನು ಆ ಜಾಗವನ್ನು ಅನುಮಾನದಿಂದ ನೋಡಿ, ಅಂಚಿನಲ್ಲಿ ಕೂತ. ಇಬ್ಬರೂ ನೀರು ನೋಡಿದರು. ಅಷ್ಟು ದೂರದಿಂದ ನಾಯಿಯ ತಲೆ ಎಷ್ಟು ಚಿಕ್ಕದಾಗಿ ಕಾಣುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಎರಡೇ ಸೆಕೆಂಡು ಅಂತಾರಲ್ಲ," ಎಂದರು ಟೈಲರ್, ತಿರುಗದೆ. "ಹೌದಾ?"

ಇಲ್ಲಿ ಒಂದು ಹೂಂ ಸಾಕಿತ್ತು. ಆಗಲೇ ಅರ್ಧ ಒಪ್ಪಿಕೊಂಡಾಗಿತ್ತು. ಅರ್ಧ ಒಪ್ಪಿಕೊಂಡವನಿಗೆ ಜನ ಉಳಿದರ್ಧವನ್ನು ಬಿಟ್ಟುಕೊಡುತ್ತಾರೆ. ಅವನು ಹೇಳತೊಡಗಿದಾಗ ಧ್ವನಿ ಯಾರೋ ಅಂಗಡಿಯವನ ಧ್ವನಿಯ ಹಾಗೆ ಸಪ್ಪಗಿತ್ತು. ಅವತ್ತು ಅವನು ಕಾಲು ತೊಳ್ಕೊಳ್ಳೋಕೆ ಬಂದೋನು ಎಂದಾಗ ಟೈಲರ್ ನಗತೊಡಗಿದ್ದರು, ಹೊಟ್ಟೆ ಹಿಡಿದುಕೊಂಡು. ಓರೆಗಣ್ಣಿನಲ್ಲಿ ಕಿತ್ತಳೆ ಜಾಕೆಟ್ಟು ಕಂಡಿತು. ಅದು ನೀರಿನ ಮೇಲೆ ಎಂದಿನ ಹಾಗೆ ಕೂತಿರಲಿಲ್ಲ, ಎತ್ತರಕ್ಕೆ, ಹಗುರಾಗಿ, ಖಾಲಿಯಾಗಿ ಕೂತಿತ್ತು. ಕಂಡದ್ದು ಏನೆಂದು ಅವನಿಗೆ ಗೊತ್ತಾಗಿತ್ತು. ಆದರೆ ನಗು ಇನ್ನೂ ಏರುತ್ತಿತ್ತು. ನಗುವ ನಡುವೆ ತಿರುಗಿದರೆ ನಗು ಕೆಡುತ್ತದೆ. ಸೊಂಟದ ಮೇಲಿನ ಕೈ ತೆಗೆಯದೆ ನಿಂತಿದ್ದ.

"ನೀವು ನಗೋದು ನಿಲ್ಲೋವರೆಗೂ ಕಾದೆ," ಎಂದ.

ನೀರಿನಲ್ಲಿ ಅತ್ತಿಗೆ ಆಚೆ ದಡ ಮುಟ್ಟಿ, ನಾಯಿಯನ್ನು ತಿರುಗಿಸಿಕೊಂಡು ಈ ಕಡೆಗೆ ಹೊರಟಿದ್ದಳು.

"ನಾನು ಇನ್ನೂ ಸ್ವಲ್ಪ ಹೊತ್ತು ನಕ್ಕಿದ್ರೆ?" ಎಂದರು ಟೈಲರ್.

ಎಂಥ ಪ್ರಶ್ನೆಗೂ ಅವನ ಹತ್ತಿರ ಉತ್ತರವಿರುತ್ತಿತ್ತು. ಅವನು ಹುಡುಕಿದ. ಆಮೇಲೆ ಹುಡುಕುವುದನ್ನು ಬಿಟ್ಟ.

"ನಿಂತೇ ಇರ್ತಿದ್ದೆ," ಎಂದ.